ಪಕ್ಕದ ಊರಿನ ಜೊತೆ ಕೂಡಿ ಬೆಳೆಯುವುದು ಅಂದರೆ ಏನು? ‘ನಗರ ಆರ್ಥಿಕ ವಲಯ’ದ ಹಿಂದಿನ ಲೆಕ್ಕ

ಬೆಳಿಗ್ಗೆ ಎಂಟೂವರೆಗೆ ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿದರೆ ಕೂಡಲು ಸೀಟು ಸಿಗುವುದು ಅಪರೂಪ. ವಿದ್ಯಾಗಿರಿಯಲ್ಲಿ ಕಾಲೇಜು ಹುಡುಗರ ದಂಡು ಏರುತ್ತದೆ. ಸತ್ತೂರಿನಲ್ಲಿ ಎಕ್ಸರೇ ಲಕೋಟೆ ಎದೆಗವಚಿಕೊಂಡ ಒಬ್ಬರು ಆಸ್ಪತ್ರೆಗೆಂದು ಇಳಿಯುತ್ತಾರೆ. ಸುಗ್ಗಿಯಿದ್ದರೆ ನವಲೂರಿನಲ್ಲಿ ಪೇರಲದ ವಾಸನೆ ಬಸ್ಸಿನೊಳಗೂ ಬರುತ್ತದೆ. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ಇಳಿಯುತ್ತಾರೆ, ಎಪಿಎಂಸಿ ಹತ್ತಿರ ದಲಾಲಿ ಅಂಗಡಿಯ ಗುಮಾಸ್ತರು. ಎದುರಿನಿಂದ ಬರುವ ಬಸ್ಸೂ ಅಷ್ಟೇ ತುಂಬಿರುತ್ತದೆ. ಅದರಲ್ಲಿ ಹೈಕೋರ್ಟ್ ಪೀಠಕ್ಕೆ ಹೊರಟ ಹುಬ್ಬಳ್ಳಿಯ ವಕೀಲರು, ವಿಶ್ವವಿದ್ಯಾಲಯಕ್ಕೆ ಹೊರಟ ಹುಡುಗಿಯರು.

ಸುಮಾರು 22 ಕಿಲೋಮೀಟರ್ ದಾರಿ, ಎರಡು ಊರು. ಒಂದರಲ್ಲಿ ವ್ಯಾಪಾರ, ರೈಲು, ದೊಡ್ಡ ಸರಕಾರಿ ಆಸ್ಪತ್ರೆ. ಇನ್ನೊಂದರಲ್ಲಿ ಕೋರ್ಟು, ವಿಶ್ವವಿದ್ಯಾಲಯಗಳು, ಐಐಟಿ. ಈ ಬಸ್ಸಿನಲ್ಲಿ ಜೋತುಬಿದ್ದು ನಿಂತ ಯಾರನ್ನಾದರೂ ‘ಪ್ರಾದೇಶಿಕ ನಗರ ಕೇಂದ್ರಗಳ ಬಲವರ್ಧನೆ’ ಎಂದರೇನು ಅಂತ ಕೇಳಿದರೆ ಮುಖ ನೋಡಿಯಾರು. ಆದರೆ ಆ ಉದ್ದನೆಯ ಸರಕಾರಿ ಪದಕ್ಕೆ ಅವರ ದಿನಚರಿಯೇ ಉದಾಹರಣೆ.

ಈಗ ಆ ಪದ ಪದೇ ಪದೇ ಕಿವಿಗೆ ಬೀಳುತ್ತಿರುವುದಕ್ಕೆ ಕಾರಣವಿದೆ. 2026-27ರ ಕೇಂದ್ರ ಬಜೆಟ್‌ನಲ್ಲಿ ‘ಸಿಟಿ ಎಕನಾಮಿಕ್ ರೀಜನ್’ ಎಂಬ ಹೊಸ ಹೆಸರು ಬಂತು. ಕನ್ನಡದಲ್ಲಿ ನಗರ ಆರ್ಥಿಕ ವಲಯ ಎನ್ನೋಣ. ಆಯ್ಕೆಯಾದ ಪ್ರತಿ ವಲಯಕ್ಕೆ 5 ವರ್ಷಗಳಲ್ಲಿ 5,000 ಕೋಟಿ ರೂಪಾಯಿ ಕೊಡುವ ಪ್ರಸ್ತಾಪ ಅದು. ಅದಕ್ಕೂ ಮುಂಚೆ ರಾಜ್ಯ ಸರಕಾರ ‘ಬಿಯಾಂಡ್ ಬೆಂಗಳೂರು’ ಎನ್ನುತ್ತಿತ್ತು. 2025-26ರ ರಾಜ್ಯ ಬಜೆಟ್‌ನಲ್ಲಿ ಸ್ಥಳೀಯ ಆರ್ಥಿಕತೆಗೆ ವೇಗ ಕೊಡಲು ‘ಲೀಪ್’ ಎಂಬ 1,000 ಕೋಟಿಯ ಕಾರ್ಯಕ್ರಮವೂ ಬಂತು. ಹೆಸರು ಹಲವು, ಹಿಂದಿರುವ ವಿಚಾರ ಒಂದೇ.

ಒಂದು ಹೆಮ್ಮರ, ಉಳಿದದ್ದೆಲ್ಲ ಗಿಡ

2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ ದಾಟಿತ್ತು. ರಾಜ್ಯದ ಎರಡನೇ ದೊಡ್ಡ ಪಾಲಿಕೆ ಹುಬ್ಬಳ್ಳಿ-ಧಾರವಾಡ, 9.4 ಲಕ್ಷ. ಅದೂ ಎರಡು ಊರು ಸೇರಿಸಿದ ಮೇಲೆ! ಮೈಸೂರು ಸುಮಾರು 8.9 ಲಕ್ಷ, ಕಲಬುರಗಿ 5.3 ಲಕ್ಷ, ಮಂಗಳೂರು ಮತ್ತು ಬೆಳಗಾವಿ ತಲಾ 4.9 ಲಕ್ಷದ ಹತ್ತಿರ. ಅಂದರೆ ಮೊದಲನೆಯದು ಎರಡನೆಯದರ 9 ಪಟ್ಟು.

ಪಕ್ಕದ ತಮಿಳುನಾಡಿನಲ್ಲಿ ಸುತ್ತಲಿನ ಬಡಾವಣೆಗಳನ್ನೂ ಸೇರಿಸಿಕೊಂಡ ಲೆಕ್ಕದಲ್ಲಿ ಚೆನ್ನೈ ಕೊಯಮತ್ತೂರಿನ ಸುಮಾರು 4 ಪಟ್ಟು. ಗುಜರಾತಿನಲ್ಲಿ ಅಹಮದಾಬಾದು ಮತ್ತು ಸೂರತ್ ನಡುವಿನ ಅಂತರ ಎರಡು ಪಟ್ಟೂ ಇಲ್ಲ. ಹೀಗೆ ಒಂದೇ ಊರು ಉಳಿದವನ್ನೆಲ್ಲ ಮೀರಿ ಬೆಳೆದು ನಿಲ್ಲುವುದನ್ನು ಅಮೆರಿಕದ ಭೂಗೋಳತಜ್ಞ ಮಾರ್ಕ್ ಜೆಫರ್ಸನ್ 1939ರಲ್ಲೇ ಗುರುತಿಸಿ ಅದಕ್ಕೊಂದು ಹೆಸರು ಇಟ್ಟಿದ್ದ. ಕನ್ನಡದಲ್ಲಿ ‘ಅಗ್ರನಗರ’ ಎನ್ನಬಹುದು.

ಅಗ್ರನಗರ ಇದ್ದರೆ ತಪ್ಪೇನು? ದೊಡ್ಡ ಊರಿನಲ್ಲಿ ಕೆಲಸ ಹೆಚ್ಚು, ಸಂಬಳ ಹೆಚ್ಚು, ಹೊಸದು ಕಲಿಯುವ ಅವಕಾಶ ಹೆಚ್ಚು. ಆ ಮಾತು ನಿಜ. ತೊಂದರೆ ಎರಡು ಕಡೆಯಿಂದ ಬರುತ್ತದೆ. ಒಂದು ಕಡೆ ಆ ಊರೇ ತನ್ನ ಭಾರಕ್ಕೆ ಬಾಗುತ್ತದೆ. ಬೆಂಗಳೂರು ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನು ಎತ್ತರಕ್ಕೆ ಪಂಪು ಮಾಡಿ ತರಿಸಿಕೊಳ್ಳುತ್ತದೆ. ಇನ್ನೊಂದು ಕಡೆ ಬೀದರಿನ ಹುಡುಗನಿಗೆ ಒಳ್ಳೆಯ ಕೆಲಸ ಬೇಕೆಂದರೆ ರಾತ್ರಿಯಿಡೀ ರೈಲಿನಲ್ಲಿ ಬರುವುದು ಬಿಟ್ಟು ದಾರಿ ಇಲ್ಲದಂತಾಗುತ್ತದೆ. ನಡುವೆ ಒಂದು ಮೆಟ್ಟಿಲು ಇರಬೇಕಿತ್ತು. ಆ ಮೆಟ್ಟಿಲೇ ಪ್ರಾದೇಶಿಕ ನಗರ ಕೇಂದ್ರ.

ಮೆಟ್ಟಿಲು ಅಂದರೆ ಎಂಥದು?

ಉಪ್ಪು, ಬೆಂಕಿಪೊಟ್ಟಣ ಓಣಿಯ ಅಂಗಡಿಯಲ್ಲೇ ಸಿಗುತ್ತದೆ. ಮದುವೆ ಜವಳಿಗೆ ತಾಲ್ಲೂಕು ಕೇಂದ್ರಕ್ಕೋ ಜಿಲ್ಲಾ ಕೇಂದ್ರಕ್ಕೋ ಹೋಗುತ್ತೇವೆ. ಎದೆಯ ಶಸ್ತ್ರಚಿಕಿತ್ಸೆಗೆ ಇನ್ನೂ ದೊಡ್ಡ ಊರು ಬೇಕು. ದಿನಾ ಬೇಕಾದ್ದು ಹತ್ತಿರದಲ್ಲಿ, ಅಪರೂಪಕ್ಕೆ ಬೇಕಾದ್ದು ದೂರದಲ್ಲಿ. ಜರ್ಮನಿಯ ಭೂಗೋಳತಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಬರೆದ. ಸಂತೆಗೆ ಹೋಗಿ ಬಂದ ನಮ್ಮ ಅಜ್ಜಂದಿರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸಮಸ್ಯೆ ಇರುವುದು ನಡುವಿನ ಹಂತದಲ್ಲಿ. ಐದು ಲಕ್ಷ ಜನರ ಊರಿಗೆ ಎಲ್ಲವನ್ನೂ ಒಂಟಿಯಾಗಿ ಕಟ್ಟಿಕೊಳ್ಳುವ ಶಕ್ತಿಯಿಲ್ಲ. ವಿಮಾನ ನಿಲ್ದಾಣ ಬೇಕು, ದೊಡ್ಡ ಆಸ್ಪತ್ರೆ ಬೇಕು, ಸಂಶೋಧನಾ ಸಂಸ್ಥೆ ಬೇಕು, ಸರಕು ಸಾಗಣೆ ಕೇಂದ್ರ ಬೇಕು. ಇವುಗಳಿಗೆಲ್ಲ ಸಾಕಷ್ಟು ಗಿರಾಕಿ ಐದು ಲಕ್ಷದಲ್ಲಿ ಹುಟ್ಟುವುದಿಲ್ಲ. ಇಪ್ಪತ್ತು ಲಕ್ಷದಲ್ಲಿ ಹುಟ್ಟಬಹುದು.

ಹಳ್ಳಿಯ ಮದುವೆ ನೆನಪಿಸಿಕೊಳ್ಳಿ. ಪ್ರತಿ ಮನೆಯಲ್ಲೂ ಇನ್ನೂರು ಜನರಿಗೆ ಅನ್ನ ಬೇಯಿಸುವ ಕೊಪ್ಪರಿಗೆ ಇರುವುದಿಲ್ಲ. ಒಬ್ಬರ ಮನೆಯಲ್ಲಿ ಕೊಪ್ಪರಿಗೆ, ಇನ್ನೊಬ್ಬರಲ್ಲಿ ಜಮಖಾನೆ, ಮತ್ತೊಬ್ಬರದು ಟ್ರ್ಯಾಕ್ಟರು. ಮದುವೆ ಯಾರ ಮನೆಯದಾದರೂ ಸಾಮಾನು ಊರದು. ನಗರಗಳ ವಿಷಯದಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಅಲೊನ್ಸೊ 1973ರಲ್ಲಿ ಇದನ್ನು ‘ಎರವಲು ಗಾತ್ರ’ ಎಂದು ಕರೆದ. ನಾಲ್ಕು ಚಿಕ್ಕ ಊರುಗಳು ಹತ್ತಿರವಿದ್ದು, ನಡುವೆ ಸಲೀಸಾಗಿ ಓಡಾಡುವಂತಿದ್ದರೆ, ಒಂದೊಂದೂ ದೊಡ್ಡ ಊರಿನ ಅನುಕೂಲವನ್ನು ಎರವಲು ಪಡೆಯುತ್ತದೆ. ದೊಡ್ಡ ಊರಿನ ಬಾಡಿಗೆ, ಟ್ರಾಫಿಕ್ಕು ಮಾತ್ರ ಬರುವುದಿಲ್ಲ.

ಇದಕ್ಕೆ ಎರಡು ಸಂಗತಿ ಬೇಕು. ಒಂದೊಂದು ಊರು ಒಂದೊಂದನ್ನು ಚೆನ್ನಾಗಿ ಮಾಡಬೇಕು, ಅಂದರೆ ಪರಿಣತಿ. ಮಾಡಿದ್ದನ್ನು ಹಂಚಿಕೊಳ್ಳಬೇಕು, ಅಂದರೆ ಸಹಕಾರ. ಪರಿಣತಿ ಹೇಗೋ ಹುಟ್ಟಿಬಿಡುತ್ತದೆ. ಸಹಕಾರಕ್ಕೆ ಮಾತ್ರ ಯಾರಾದರೂ ಕೂತು ಮಾತಾಡಬೇಕು.

ಪರಿಣತಿ ಎಲ್ಲಿಂದ ಬರುತ್ತದೆ?

ಬೆಳಗಾವಿಯ ಉದ್ಯಮಬಾಗಕ್ಕೆ ಹೋದರೆ ಇದು ಕಣ್ಣಿಗೆ ಕಾಣುತ್ತದೆ. ಅಲ್ಲಿ ಫೌಂಡ್ರಿಗಳಿವೆ. ಕಬ್ಬಿಣ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು, ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಗಳು. ಒಂದು ಫೌಂಡ್ರಿ ನಡೆಯಬೇಕಾದರೆ ಪ್ಯಾಟರ್ನ್, ಅಂದರೆ ಅಚ್ಚಿನ ಮಾದರಿ, ಕೆತ್ತುವವರು ಬೇಕು, ತಕ್ಕ ಮರಳು ಬೇಕು, ಮೋಲ್ಡಿಂಗ್ ಗೊತ್ತಿರುವ ಕೈ ಬೇಕು, ಎರಕದ ಗುಣಮಟ್ಟ ಪರೀಕ್ಷಿಸುವ ಲ್ಯಾಬು ಬೇಕು, ಮೇಲ್ಮೈ ನಯಮಾಡುವ ಮಷಿನ್‌ಶಾಪು ಬೇಕು. ಇಷ್ಟೂ ಒಂದೇ ಮಾಲೀಕನ ಬಳಿ ಇರಲಾರದು. ಹತ್ತಾರು ಫೌಂಡ್ರಿಗಳು ಅಕ್ಕಪಕ್ಕ ಇದ್ದರೆ ಪ್ಯಾಟರ್ನ್ ಕೆತ್ತುವವನಿಗೆ ವರ್ಷವಿಡೀ ಕೆಲಸ, ಲ್ಯಾಬಿಗೂ ಗಿರಾಕಿ. ಒಂದು ಕಡೆ ಕೆಲಸ ಬಿಟ್ಟ ಮೋಲ್ಡರ್‌ಗೆ ಪಕ್ಕದ ಗೇಟಿನಲ್ಲೇ ಕೆಲಸ. ಕಸುಬಿನ ಗುಟ್ಟು ಚಹಾದಂಗಡಿಯಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. ಆಲ್‌ಫ್ರೆಡ್ ಮಾರ್ಷಲ್ ಎಂಬ ಅರ್ಥಶಾಸ್ತ್ರಜ್ಞ 1890ರಲ್ಲಿ ಇಂಗ್ಲೆಂಡಿನ ಕೈಗಾರಿಕಾ ಊರುಗಳನ್ನು ನೋಡಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ.

ಈಗ ಸ್ವಲ್ಪ ದೂರ ಸರಿದು ನಕ್ಷೆ ನೋಡಿ. ಬೆಳಗಾವಿಯ ವಾಯವ್ಯಕ್ಕೆ ಕೊಲ್ಹಾಪುರ, ಅಲ್ಲೂ ಫೌಂಡ್ರಿ. ಆಗ್ನೇಯಕ್ಕೆ ಧಾರವಾಡ, ಅಲ್ಲಿ ವಾಹನ ಕಾರ್ಖಾನೆ. ಅದರಾಚೆ ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪುಗಳು. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ವಿಶೇಷ ಆರ್ಥಿಕ ವಲಯ. ಒಂದೇ ಹೆದ್ದಾರಿಯ ಉದ್ದಕ್ಕೂ ಲೋಹದ ಕೆಲಸದ ಸರಪಳಿಯೇ ಇದೆ. ಕಾಸ್ಟಿಂಗ್ ಹೇರಿದ ಲಾರಿ ರಾಜ್ಯದ ಗಡಿ ದಾಟಿ ಓಡಾಡುತ್ತದೆ. ಆದರೆ ಎರಡು ರಾಜ್ಯಗಳ ನಡುವೆ ಗಡಿಯ ಜಗಳ ಬಿಟ್ಟು ಫೌಂಡ್ರಿಯ ಬಗ್ಗೆ ಮಾತುಕತೆ ನಡೆದ ಸುದ್ದಿ ಓದಿದ ನೆನಪು ನನಗಿಲ್ಲ.

ಕರಾವಳಿಯಲ್ಲಿ ಇದೇ ಕಥೆ ಬೇರೆ ರೂಪದಲ್ಲಿದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಅರವತ್ತು ಕಿಲೋಮೀಟರಿನೊಳಗೆ ಐದು ಬ್ಯಾಂಕು ಹುಟ್ಟಿದವು. ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು, ಸುರತ್ಕಲ್ಲಿನಲ್ಲಿ 1960ರಲ್ಲಿ ಎಂಜಿನಿಯರಿಂಗ್ ಕಾಲೇಜು, ಪಣಂಬೂರಿನಲ್ಲಿ ಬಂದರು, ಮಲ್ಪೆಯಲ್ಲಿ ಮೀನುಗಾರಿಕೆ. ಇಷ್ಟನ್ನೂ ಸೇರಿಸಿ ಯಾರೂ ಒಂದು ಯೋಜನೆ ಹಾಕಿರಲಿಲ್ಲ, ಆದರೂ ಅಚ್ಚುಕಟ್ಟಾಗಿ ಹಂಚಿಕೆಯಾಗಿದೆ. ಆದರೆ ಆ ಐದು ಬ್ಯಾಂಕುಗಳ ಈಗಿನ ಸ್ಥಿತಿ ನೋಡಿ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟು ಕೆನರಾಕ್ಕೆ ಸೇರಿದವು. ಕೆನರಾದ ಪ್ರಧಾನ ಕಚೇರಿ ಇರುವುದು ಬೆಂಗಳೂರಿನಲ್ಲಿ. ಮಂಗಳೂರಿನಲ್ಲೇ ಉಳಿದದ್ದು ಕರ್ಣಾಟಕ ಬ್ಯಾಂಕ್ ಒಂದು.

ಪರಿಣತಿಗೆ ಇನ್ನೊಂದು ಅಪಾಯವಿದೆ, ಒಂದೇ ಕಾಲಿನ ಮೇಲೆ ನಿಲ್ಲುವುದು. ದಾವಣಗೆರೆಯನ್ನು ಒಂದು ಕಾಲಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನ್ನುತ್ತಿದ್ದರು. ಹತ್ತಿಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಊರೇ ತತ್ತರಿಸಿತು. ಅದನ್ನು ಉಳಿಸಿದ್ದು 1958ರಿಂದ ಪಕ್ಕದಲ್ಲೇ ಮೆಲ್ಲಗೆ ಬೆಳೆದಿದ್ದ ಇನ್ನೊಂದು ಕಸುಬು, ಅಂದರೆ ವಿದ್ಯಾಸಂಸ್ಥೆಗಳು. ಈಗ ಹೊರಗಿನವರಿಗೆ ದಾವಣಗೆರೆ ಎಂದರೆ ಬೆಣ್ಣೆದೋಸೆ ಮತ್ತು ಕಾಲೇಜು. ಹಾಗಾಗಿ ನೀತಿ ಮಾಡುವವರು ಪರಿಣತಿ ಎಂದಾಗ ‘ಒಂದೇ ಒಂದು’ ಎಂದಲ್ಲ, ‘ಒಂದಕ್ಕೊಂದು ನಂಟಿರುವ ಎರಡು-ಮೂರು’ ಎಂದು ಓದಿಕೊಳ್ಳಬೇಕು.

ಸಹಕಾರ ಏಕೆ ಬೇಕು? ನೊಯ್ಯಲ್ ಹೊಳೆಯ ಕಥೆ

ಬನಿಯನ್ನು, ಟೀಶರ್ಟು ಕೊಂಡವರಿಗೆಲ್ಲ ತಿರುಪ್ಪೂರಿನ ಹೆಸರು ಗೊತ್ತು. ಪಶ್ಚಿಮಕ್ಕೆ ಕೊಯಮತ್ತೂರು, ಅಲ್ಲಿ ಪಂಪ್‌ಸೆಟ್ಟು, ನೂಲಿನ ಗಿರಣಿ, ಜವಳಿ ಯಂತ್ರ. ಪೂರ್ವಕ್ಕೆ ಈರೋಡು, ಅಲ್ಲಿ ಬಟ್ಟೆ ಮತ್ತು ಅರಿಸಿನದ ಮಾರುಕಟ್ಟೆ. ಐವತ್ತೈವತ್ತು ಕಿಲೋಮೀಟರಿಗೆ ಒಂದೊಂದು ಊರು. ಒಂದು ನೂಲುತ್ತದೆ, ಒಂದು ಹೆಣೆಯುತ್ತದೆ, ಒಂದು ಮಾರುತ್ತದೆ. ಪರಿಣತಿಯ ಪಾಠಕ್ಕೆ ದಕ್ಷಿಣ ಭಾರತದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಈ ಮೂರೂ ಜಿಲ್ಲೆಗಳನ್ನು ಪೋಣಿಸಿಕೊಂಡು ಹರಿಯುವುದು ನೊಯ್ಯಲ್ ಹೊಳೆ. ತಿರುಪ್ಪೂರಿನ ಬಣ್ಣದ ಘಟಕಗಳು ಬಟ್ಟೆಗೆ ಬಣ್ಣ ಹಾಕಿ ಉಳಿದ ಉಪ್ಪುನೀರನ್ನು ಅದಕ್ಕೇ ಬಿಟ್ಟವು. ಕೆಳಗಿನ ಒರತ್ತುಪಾಳ್ಯಂನಲ್ಲಿ ರೈತರಿಗಾಗಿ ಕಟ್ಟಿದ ಅಣೆಕಟ್ಟಿನಲ್ಲಿ ಆ ನೀರು ಬಂದು ನಿಂತಿತು. ಹೊಲಗಳು ಸವುಳಾದವು, ಬಾವಿಗಳು ಕೆಟ್ಟವು. ತಿರುಪ್ಪೂರಿಗೆ ರಫ್ತಿನ ಹಣ, ಕೆಳಗಿನವರಿಗೆ ಬಣ್ಣದ ನೀರು. ಮೇಲಿನ ಊರಿನ ಪಾಲಿಕೆಗೆ ಕೆಳಗಿನ ಊರಿನ ರೈತ ಮತದಾರನಲ್ಲ. ಆತ ಹೋಗಿ ಕೇಳಬಹುದಾದ ಕಚೇರಿಯೂ ಇರಲಿಲ್ಲ. ಕೊನೆಗೆ ಆತ ಕೋರ್ಟಿಗೆ ಹೋದ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಘಟಕಗಳನ್ನೇ ಮುಚ್ಚಿಸಿತು. ಬಣ್ಣ ನಿಂತರೆ ಬನಿಯನ್ನೂ ನಿಂತಂತೆ, ಇಡೀ ಊರಿಗೆ ಬಿಸಿ ತಟ್ಟಿತು. ಆಮೇಲೆ ನೂರಾರು ಘಟಕಗಳು ಕೂಡಿ, ಒಂದು ಹನಿಯನ್ನೂ ಹೊರಗೆ ಬಿಡದ ಸಾಮೂಹಿಕ ಶುದ್ಧೀಕರಣ ಘಟಕಗಳ ದಾರಿ ಹಿಡಿದ ಮೇಲೆಯೇ ಗಾಲಿ ಮತ್ತೆ ಉರುಳಿದ್ದು.

ಸಹಕಾರ ಎಂದರೆ ಊರುಗಳ ನಡುವಿನ ಸ್ನೇಹಾಚಾರ ಎಂದುಕೊಂಡವರಿಗೆ ಈ ಕಥೆ ಹೇಳಬೇಕು. ನೀರು, ಕಸ, ಹೊಗೆ, ಬಸ್ಸು, ಕೆಲಸಕ್ಕೆ ಓಡಾಡುವ ಜನ, ಇವು ಯಾವುವೂ ಪಾಲಿಕೆಯ ಗಡಿ ನೋಡಿ ನಿಲ್ಲುವುದಿಲ್ಲ. ನಿಲ್ಲುವುದು ಅಧಿಕಾರ ಮಾತ್ರ.

ರಸ್ತೆ ಒಳ್ಳೆಯದಾದರೆ ಊರು ಬೆಳೆಯುತ್ತದೆಯೇ?

ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ: ಬೆಳೆಯಬಹುದು, ಸೊರಗಲೂಬಹುದು. ಎಳನೀರಿಗೆ ಸ್ಟ್ರಾ ಹಾಕಿದರೆ ನೀರು ಬುರುಡೆಯ ಒಳಕ್ಕೆ ಹೋಗುವುದಿಲ್ಲ, ಹೀರುವವರ ಬಾಯಿಗೆ ಬರುತ್ತದೆ. ಜಪಾನಿನಲ್ಲಿ ಇದನ್ನು ‘ಸ್ಟ್ರಾ ಪರಿಣಾಮ’ ಎಂದೇ ಕರೆಯುತ್ತಾರೆ. 1998ರಲ್ಲಿ ಅಕಾಶಿ ಸೇತುವೆ ತೆರೆದಾಗ ಶಿಕೊಕು ದ್ವೀಪದ ತೊಕುಶಿಮಾ ಊರಿಗೆ ದೊಡ್ಡ ಪೇಟೆಗಳು ಹತ್ತಿರವಾದವು. ಜನ ಕೋಬೆ, ಒಸಾಕಾಗಳಿಗೆ ಹೋಗಿ ಖರೀದಿ ಮಾಡತೊಡಗಿದರು, ಸ್ವಂತ ಊರಿನ ಅಂಗಡಿಗಳು ಸೊರಗಿದವು.

ನಮ್ಮಲ್ಲೂ ಕಂಡಿದ್ದೇವೆ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಮೈಸೂರಿಗೆ ಅನುಕೂಲವಾಯಿತು. ಆದರೆ ಬೈಪಾಸಿನ ಆಚೆ ಉಳಿದ ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೆ, ಮದ್ದೂರಿನ ವಡೆ ಹೋಟೆಲುಗಳಿಗೆ ದಾರಿಹೋಕ ಗಿರಾಕಿ ಕಡಿಮೆಯಾದ. ಅದೇ ವರ್ಷ ಜೂನಿನಲ್ಲಿ ಧಾರವಾಡಕ್ಕೆ ವಂದೇ ಭಾರತ್ ಬಂತು. ಈಗ ಬೆಂಗಳೂರನ್ನು ಮೊದಲಿಗಿಂತ ಬೇಗ ತಲುಪಬಹುದು. ಖುಷಿಯೇ. ಜೊತೆಗೆ ಇಲ್ಲಿಯೇ ಆಗಬಹುದಾಗಿದ್ದ ಎಷ್ಟು ಕೆಲಸ ಬೆಂಗಳೂರಿಗೆ ಹೋಯಿತು ಎಂದೂ ಕೇಳಬೇಕು.

ಅದಕ್ಕಾಗಿಯೇ ಕೂಡಿ ಬೆಳೆಯುವ ನೀತಿ ರಾಜಧಾನಿಯ ಕಡೆಗಿನ ರಸ್ತೆಯಷ್ಟೇ ಪಕ್ಕದ ಊರುಗಳನ್ನು ಜೋಡಿಸುವ ಅಡ್ಡ ರಸ್ತೆಗೂ ತೂಕ ಕೊಡಬೇಕು. ಬೆಳಗಾವಿಯಿಂದ ಧಾರವಾಡಕ್ಕೆ ಕಿತ್ತೂರು ಮಾರ್ಗದ ನೇರ ರೈಲು ಬೇಕೆಂಬ ಬೇಡಿಕೆ ಎಷ್ಟು ಹಳೆಯದು ಎಂಬುದು ಆ ಭಾಗದವರಿಗೆ ಗೊತ್ತು. ನಮ್ಮ ನಕ್ಷೆಯಲ್ಲಿ ಮೇಲಕ್ಕೆ ಹೋಗುವ ದಾರಿ ಬಹಳ, ಪಕ್ಕಕ್ಕೆ ಹೋಗುವ ದಾರಿ ಕಡಿಮೆ. ರಸ್ತೆಗೂ ಈ ಮಾತು ಸಲ್ಲುತ್ತದೆ, ಸರಕಾರಿ ಕಡತಕ್ಕೂ ಸಲ್ಲುತ್ತದೆ.

ಬೇರೆಯವರು ಹೇಗೆ ಮಾಡಿದರು?

ನಮಗೆ ಬೆಂಗಳೂರು ಇದ್ದಂತೆ ಫ್ರಾನ್ಸಿಗೆ ಪ್ಯಾರಿಸ್. 1960ರ ದಶಕದಲ್ಲಿ ಅಲ್ಲಿನ ಸರಕಾರ ಪ್ಯಾರಿಸ್ಸಿಗೆ ಸರಿತೂಕವಾಗಿ ಎಂಟು ನಗರ ಕೇಂದ್ರಗಳನ್ನು ಆರಿಸಿತು. ಅವುಗಳಲ್ಲಿ ಕೆಲವು ಜೋಡಿ ಊರುಗಳು: ಲಿಯೋನ್ ಮತ್ತು ಸೇಂತ್-ಎತಿಯೆನ್, ನಾನ್ಸಿ ಮತ್ತು ಮೆಟ್ಜ್. ತುಲೂಸ್‌ಗೆ ವಿಮಾನಯಾನ ಎಂದು ನಿಕ್ಕಿಮಾಡಿ, ಬರೀ ಘೋಷಣೆಗೆ ನಿಲ್ಲಿಸದೆ, 1968ರಲ್ಲಿ ಪ್ಯಾರಿಸ್ಸಿನ ಪ್ರತಿಷ್ಠಿತ ವಿಮಾನಯಾನ ಎಂಜಿನಿಯರಿಂಗ್ ಶಾಲೆಯನ್ನೇ ಅಲ್ಲಿಗೆ ಸಾಗಿಸಿದರು. ಬಾಹ್ಯಾಕಾಶ ಕೇಂದ್ರವೂ ಬಂತು. ಇಂದು ಏರ್‌ಬಸ್‌ನ ತವರು ತುಲೂಸ್.

ನಾನ್ಸಿ-ಮೆಟ್ಜ್ ಕಥೆ ಅಷ್ಟು ಸುಖದ್ದಲ್ಲ. ಎರಡೂ ಹಳೆಯ ಪೈಪೋಟಿಯ ಊರುಗಳು. ವೇಗದ ರೈಲು ಬರುವಾಗ ನಿಲ್ದಾಣ ಎಲ್ಲಿ ಎಂಬ ಜಗಳವಾಗಿ, 2007ರಲ್ಲಿ ಎರಡಕ್ಕೂ ದೂರವಾಗಿ, ಹೊಲಗಳ ನಡುವೆ ನಿಲ್ದಾಣ ತೆರೆಯಿತು. ಸ್ಥಳೀಯ ರೈಲಿನ ಜೋಡಣೆಯೂ ಅದಕ್ಕಿಲ್ಲ. ಇಬ್ಬರಿಗೂ ಅನ್ಯಾಯವಾಗದಿರಲಿ ಎಂದು ಇಬ್ಬರಿಗೂ ಅನನುಕೂಲವಾದದ್ದನ್ನು ಕಟ್ಟುವುದು ನಮ್ಮ ದೇಶದ್ದೇ ಕಲೆ ಎಂದು ನಾನು ತಿಳಿದಿದ್ದೆ.

ಫಿನ್ಲೆಂಡ್ ಇನ್ನೊಂದು ದಾರಿ ಹಿಡಿಯಿತು. 1994ರಲ್ಲಿ ಒಂದೊಂದು ಪ್ರದೇಶ ತನ್ನ ಪರಿಣತಿಯನ್ನು ತಾನೇ ಹೆಸರಿಸಿ ಅರ್ಜಿ ಹಾಕುವ ಕಾರ್ಯಕ್ರಮ ಬಂತು. 2001ರಲ್ಲಿ ಮೂವತ್ತಕ್ಕೂ ಹೆಚ್ಚು ನಗರ ಪ್ರದೇಶಗಳ ಪುರಸಭೆಗಳು ಜೊತೆಗೂಡಿ ಯೋಜನೆ ಮಾಡುವ ಕಾರ್ಯಕ್ರಮ ಶುರುವಾಯಿತು. ಕೊಟ್ಟ ಹಣ ದೊಡ್ಡದೇನಲ್ಲ, ಜೊತೆಗೆ ಕೂರಿಸುವುದೇ ಉದ್ದೇಶ. ಉತ್ತರದ ಔಲು ಎಂಬ ಊರು ಮೊಬೈಲ್ ತಂತ್ರಜ್ಞಾನದಲ್ಲಿ ಹೆಸರು ಮಾಡಿತು. 2014ರಲ್ಲಿ ನೋಕಿಯಾದ ಫೋನ್ ವಿಭಾಗ ಕೈಬದಲಾಗಿ ಕೆಲಸಗಳು ಹೋದಾಗ ಅದೇ ಊರು ಪೆಟ್ಟು ತಿಂದಿತು. ದಾವಣಗೆರೆಯ ಪಾಠವೇ, ಹಿಮದ ನಾಡಿನಲ್ಲಿ.

ನಮ್ಮಲ್ಲಿ ಈವರೆಗೆ ಏನಾಯಿತು?

ಸಣ್ಣ-ಮಧ್ಯಮ ಊರುಗಳಿಗೆಂದು ಕೇಂದ್ರದ ಮೊದಲ ದೊಡ್ಡ ಯೋಜನೆ 1979ರಷ್ಟು ಹಳೆಯದು. 2005ರ ನರ್ಮ್ ಎಂಬ ಕೇಂದ್ರದ ನಗರ ನವೀಕರಣ ಯೋಜನೆಯಲ್ಲಿ ಕರ್ನಾಟಕದಿಂದ ಬೆಂಗಳೂರು, ಮೈಸೂರು ಮುಖ್ಯ ಪಟ್ಟಿಯಲ್ಲಿದ್ದವು. 2015ರ ಸ್ಮಾರ್ಟ್ ಸಿಟಿಯಲ್ಲಿ ರಾಜ್ಯದ 7 ನಗರಗಳು ಆಯ್ಕೆಯಾದವು. ಅಲ್ಲಿ ನಡೆದದ್ದು ಸ್ಪರ್ಧೆ. ಪ್ರತಿ ಊರೂ ಒಂಟಿಯಾಗಿ ಪರೀಕ್ಷೆ ಬರೆಯಿತು, ಪಕ್ಕದ ಊರು ಪ್ರತಿಸ್ಪರ್ಧಿ. ಫುಟ್‌ಪಾತು, ಕಮಾಂಡ್ ಸೆಂಟರು ಬಂದವು. ಪಕ್ಕದ ಊರಿನ ಜೊತೆ ಸೇರಿ ಏನಾದರೂ ಮಾಡು ಎಂದು ಪ್ರಶ್ನೆಪತ್ರಿಕೆ ಕೇಳಿರಲಿಲ್ಲ.

ರಾಜ್ಯದೊಳಗಿನ ಅಸಮತೋಲನದ ಚರ್ಚೆ ಬೇರೆ ಹಾದಿಯಲ್ಲಿ ನಡೆಯಿತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಹೇಳಿತು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ರಕ್ಷಣೆ ಬಂತು. ಎರಡರಲ್ಲೂ ಅಳತೆಗೋಲು ತಾಲ್ಲೂಕು ಇಲ್ಲವೇ ಜಿಲ್ಲೆ. ಕಲಬುರಗಿ ನಗರ ಸುತ್ತಲಿನ ತೊಗರಿ ಸೀಮೆಗೆ ಏನಾಗಬೇಕು ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಹಿಂದೆ ಉಳಿಯಿತು.

ಈಗಿನ ಬದಲಾವಣೆ ಇಲ್ಲಿದೆ. ನೀತಿ ಆಯೋಗ 2024ರಲ್ಲಿ ಸೂರತ್ತಿಗೆ ಯೋಜನೆ ಮಾಡಿದಾಗ ಬರೀ ಆ ನಗರವನ್ನು ತೆಗೆದುಕೊಳ್ಳಲಿಲ್ಲ, ಸುತ್ತಲಿನ ಒಟ್ಟು 6 ಜಿಲ್ಲೆಗಳನ್ನು ಒಂದು ಆರ್ಥಿಕ ಪ್ರದೇಶವಾಗಿ ನೋಡಿತು. ನಗರ ಆರ್ಥಿಕ ವಲಯವೂ ಅದೇ ಜಾಡಿನದು. ಆಯಾ ವಲಯದ ಬೆಳವಣಿಗೆಗೆ ಏನು ಕಾರಣ ಎಂದು ಗುರುತಿಸಿ ಅದರ ಮೇಲೆ ಯೋಜನೆ ಕಟ್ಟಬೇಕು. ಹಣ ಬರುವುದು ಸುಧಾರಣೆ ಮತ್ತು ಫಲಿತಾಂಶ ತೋರಿಸಿದ ಮೇಲೆ. ರಾಜ್ಯದ 2024ರ ಜಿಸಿಸಿ ನೀತಿಯೂ ಬೆಂಗಳೂರಿನಾಚೆ ನೋಡುತ್ತದೆ. ಜಿಸಿಸಿ ಎಂದರೆ ವಿದೇಶಿ ಕಂಪನಿಗಳು ತಮ್ಮದೇ ಸಾಫ್ಟ್‌ವೇರ್, ಲೆಕ್ಕಪತ್ರ, ಸಂಶೋಧನೆಯ ಕೆಲಸಕ್ಕೆ ಇಲ್ಲಿ ತೆರೆಯುವ ಕಚೇರಿ. ಅಂಥ ಕಚೇರಿ ಮೈಸೂರಿಗೋ ಮಂಗಳೂರಿಗೋ ಹೋದರೆ ರಿಯಾಯಿತಿ ಹೆಚ್ಚು.

ದುಡ್ಡು ಯಾರದು?

2025ರ ಕೇಂದ್ರ ಬಜೆಟ್ ಘೋಷಿಸಿದ 1 ಲಕ್ಷ ಕೋಟಿಯ ಅರ್ಬನ್ ಚಾಲೆಂಜ್ ಫಂಡ್‌ನ ಷರತ್ತು ನೋಡಿ. ಯೋಜನೆಯ ವೆಚ್ಚದಲ್ಲಿ ಕೇಂದ್ರ ಕೊಡುವುದು ಹೆಚ್ಚೆಂದರೆ ಶೇ 25. ಕನಿಷ್ಠ ಶೇ 50ನ್ನು ಬಾಂಡ್, ಬ್ಯಾಂಕ್ ಸಾಲ, ಖಾಸಗಿ ಪಾಲುದಾರಿಕೆಯಿಂದ ಎತ್ತಬೇಕು. ಅಂದರೆ ಊರಿಗೆ ಸಾಲ ತೀರಿಸುವ ಶಕ್ತಿ ಇದೆಯೆಂದು ಬ್ಯಾಂಕಿನವರಿಗೆ ಅನಿಸಬೇಕು. ಆಸ್ತಿ ತೆರಿಗೆ, ನೀರಿನ ಬಿಲ್ಲು ಸರಿಯಾಗಿ ವಸೂಲಾಗದ ಊರಿಗೆ ಸಾಲ ಯಾರು ಕೊಡುತ್ತಾರೆ?

ಸಣ್ಣ ಊರುಗಳಿಗೆ ಒಂದು ಉಪಾಯವಿದೆ, ಕೂಡಿ ಸಾಲ ಎತ್ತುವುದು. ಸ್ತ್ರೀಶಕ್ತಿ ಸಂಘದ ಹೆಂಗಸರು ಒಬ್ಬೊಬ್ಬರೇ ಹೋದರೆ ಬ್ಯಾಂಕು ಬಾಗಿಲು ತೆರೆಯುವುದಿಲ್ಲ, ಗುಂಪಾಗಿ ಹೋದರೆ ಕೂರಿಸಿ ಮಾತಾಡುತ್ತದೆ, ಅಲ್ಲವೇ? ಕರ್ನಾಟಕ ಇದನ್ನು 2005ರಲ್ಲೇ ಮಾಡಿ ತೋರಿಸಿತ್ತು. ಬೆಂಗಳೂರಿನ ಅಂಚಿನ 8 ನಗರಸಭೆ-ಪುರಸಭೆಗಳ ಕುಡಿಯುವ ನೀರಿಗಾಗಿ ಒಂದೇ ನಿಧಿಯ ಹೆಸರಲ್ಲಿ 100 ಕೋಟಿಯ ಬಾಂಡ್ ಮಾರಿದರು. ದೇಶದಲ್ಲಿ ಇಂಥ ಪ್ರಯೋಗ ಆಗ ಬೆರಳೆಣಿಕೆಯಷ್ಟೂ ಇರಲಿಲ್ಲ. ಎರಡೇ ವರ್ಷಕ್ಕೆ, 2007ರಲ್ಲಿ, ಆ ಎಂಟೂ ಊರುಗಳು ಬಿಬಿಎಂಪಿಯೊಳಗೆ ವಿಲೀನವಾದವು. ಕೂಡಿ ನಿಲ್ಲುವುದನ್ನು ಕಲಿತವರನ್ನು ದೊಡ್ಡಣ್ಣ ಎತ್ತಿಕೊಂಡು ಹೋದ.

ಕೂತು ಮಾತಾಡುವ ಜಾಗ ಎಲ್ಲಿದೆ?

ಕಾನೂನಿನಲ್ಲಿ ಇದೆ. 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ 243ಝಡ್‌ಡಿ ವಿಧಿಯನ್ನು ಸೇರಿಸಿತು. ಪ್ರತಿ ಜಿಲ್ಲೆಗೂ ಜಿಲ್ಲಾ ಯೋಜನಾ ಸಮಿತಿ ಇರಬೇಕು, ಪಂಚಾಯಿತಿಗಳ ಮತ್ತು ನಗರಗಳ ಯೋಜನೆಯನ್ನು ಅದು ಒಂದಾಗಿಸಬೇಕು, ಐದರಲ್ಲಿ ನಾಲ್ಕು ಪಾಲು ಸದಸ್ಯರು ಚುನಾಯಿತರಿಂದಲೇ ಬರಬೇಕು. 10 ಲಕ್ಷ ಮೀರಿದ ಮಹಾನಗರ ಪ್ರದೇಶಕ್ಕೆ ಇನ್ನೊಂದು ಸಮಿತಿ. ಕಾಗದದಲ್ಲಿ ಚೆನ್ನಾಗಿದೆ. ಆದರೆ ರಾಜ್ಯದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತರೇ ಇಲ್ಲದ ಮೇಲೆ ಸಮಿತಿಯಲ್ಲಿ ಕೂರುವವರಾರು?

ನಗರಾಭಿವೃದ್ಧಿ ಪ್ರಾಧಿಕಾರಗಳಿವೆ. ದಾವಣಗೆರೆ-ಹರಿಹರಕ್ಕೆ ಜಂಟಿಯಾಗಿ ಒಂದಿದೆ, ಹುಬ್ಬಳ್ಳಿ-ಧಾರವಾಡಕ್ಕೆ ಒಂದಿದೆ. ನಕ್ಷೆಯ ಮಟ್ಟಿಗೆ ಇವು ಎರಡು ಊರನ್ನು ಒಟ್ಟಿಗೆ ನೋಡುತ್ತವೆ. ಆದರೆ ಸಾಮಾನ್ಯರ ಬಾಯಲ್ಲಿ ಪ್ರಾಧಿಕಾರ ಎಂದರೆ ಸೈಟು ಹಂಚುವ ಕಚೇರಿ, ಆ ಹೆಸರು ಸುಮ್ಮನೆ ಬಂದದ್ದಲ್ಲ. ಬಸ್ಸು ಸಾರಿಗೆ ನಿಗಮದ್ದು, ಆಸ್ಪತ್ರೆ ಇನ್ನೊಂದು ಇಲಾಖೆಯದು, ಕೈಗಾರಿಕಾ ಜಮೀನು ಮತ್ತೊಂದು ಮಂಡಳಿಯದು. ಪ್ರತಿಯೊಂದರ ಕಡತವೂ ಬೆಂಗಳೂರಿಗೆ ಹೋಗಿ ಬರುತ್ತದೆ. ಪಕ್ಕದ ಟೇಬಲ್ಲಿಗೆ ಮಾತ್ರ ಹೋಗುವುದಿಲ್ಲ.

ಇಲ್ಲಿ ಮತ್ತೆ ಹುಬ್ಬಳ್ಳಿ-ಧಾರವಾಡಕ್ಕೆ ಬರಬೇಕು. 1962ರಲ್ಲಿ ಎರಡು ಊರನ್ನು ಸೇರಿಸಿ ಒಂದು ಪಾಲಿಕೆ ಮಾಡಿದರು. ಕೂಡಿ ಬೆಳೆಯುವ ನೀತಿಯ ಮಾತು ಇನ್ನೂ ಹುಟ್ಟದ ಕಾಲದಲ್ಲೇ ನಾವು ಅದನ್ನು ಮಾಡಿದ್ದೆವು. ಅರವತ್ತು ವರ್ಷವಾದ ಮೇಲೆ, 2025ರ ಜನವರಿಯಲ್ಲಿ, ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ರಾಜ್ಯ ಸಂಪುಟ ಒಪ್ಪಿತು. ಹಣವೆಲ್ಲ ಹುಬ್ಬಳ್ಳಿಗೆ ಹೋಗುತ್ತದೆ ಎಂಬುದು ಧಾರವಾಡದವರ ಬಹುಕಾಲದ ದೂರು. ಚಹಾದಂಗಡಿಯಲ್ಲಿ ಇದನ್ನು ಕೇಳುತ್ತಲೇ ನಾನು ದೊಡ್ಡವನಾದದ್ದು. ಬೇರೆಯಾದರೆ ನಮ್ಮ ತೆರಿಗೆ ನಮ್ಮ ಗಟಾರಿಗೆ ಎಂಬ ಲೆಕ್ಕ ಒಂದು ಕಡೆ. ಹೊಸ ನೀತಿಗಳು ದೊಡ್ಡ ವಲಯಗಳಿಗೆ ಹಣ ಕೊಡುತ್ತಿರುವ ಹೊತ್ತಿಗೇ ಒಡೆಯುವುದೇ ಎಂಬ ಪ್ರಶ್ನೆ ಇನ್ನೊಂದು ಕಡೆ. ಎರಡೂ ಒಟ್ಟಿಗೆ ನಿಜವಾಗಿರಬಹುದು. ಗಟಾರಕ್ಕೆ ಸಣ್ಣ ಪಾಲಿಕೆ ಸಾಕು, ಬಸ್ಸಿಗೂ ನೀರಿಗೂ ಅದಕ್ಕಿಂತ ದೊಡ್ಡದೊಂದು ಬೇಕು. ಎರಡನೆಯದನ್ನು ಕಟ್ಟದೆ ಮೊದಲನೆಯದನ್ನು ಒಡೆದರೆ ಏನಾಗುತ್ತದೆ ಎಂಬುದು ಮೊದಲು ಗೊತ್ತಾಗುವುದು ಬಹುಶಃ ನಲ್ಲಿಯಲ್ಲಿ. ಈ ಅವಳಿ ಊರುಗಳಿಗೆ ಮಲಪ್ರಭೆಯ ನೀರು ಬರುವುದು ಪಕ್ಕದ ಬೆಳಗಾವಿ ಜಿಲ್ಲೆಯ ಸವದತ್ತಿಯಿಂದ. ಅಲ್ಲಿ ಎತ್ತಿದ ನೀರು ಅಮ್ಮಿನಭಾವಿಯ ಶುದ್ಧೀಕರಣ ಘಟಕಕ್ಕೆ ಬಂದು, ಅಲ್ಲಿಂದ ಎರಡೂ ಊರಿಗೆ ಹಂಚಿಕೆಯಾಗುತ್ತದೆ. ನದಿ ಒಂದು, ಘಟಕ ಒಂದು, ಇನ್ನು ಮೇಲೆ ಬಿಲ್ಲು ಕೊಡುವ ಪಾಲಿಕೆ ಎರಡು. ಬೇಸಿಗೆಯಲ್ಲಿ ಯಾವ ವಾಲ್ವನ್ನು ಎಷ್ಟು ತಿರುಗಿಸಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ಯಾರ ಯಾರ ಕುರ್ಚಿ ಇರುತ್ತದೆ ಎಂಬುದನ್ನು ಎರಡೂ ಊರಿನವರು ಈಗಲೇ ಕೇಳಿಟ್ಟುಕೊಳ್ಳಬೇಕು.